ಒಂಟಿ ಸಸಿಯ ಗದ್ದೆ

ಒಂದೆಕರೆಗೆ ಮೂವತ್ತು ಕಿಲೋ ಬಿತ್ತನೆ ಭತ್ತ ಒಯ್ಯುತ್ತಿದ್ದ ಮನೆಯ ಕಿರಿಸೊಸೆ ಈ ಸಲ "ಎರಡೇ ಕಿಲೋ ಕೊಡಿ" ಅಂದಳು. ಬೀಜದ ಅಂಗಡಿಯವನಾದ ನನಗೆ ಅಂಥ ಪದ್ಧತಿ ಹಿಡಿಸುವುದಾದರೂ ಹೇಗೆ? ಹನ್ನೆರಡು ದಿನದ ಎಳೆ ಸಸಿಯನ್ನು ಗೇಣಿಗೊಂದರಂತೆ ಒಂಟಿಯಾಗಿ ನೆಡಬೇಕಂತೆ, ನೀರು ನಿಲ್ಲಿಸಬಾರದಂತೆ. ತಂಗಿಯ ಊರಿನಲ್ಲಿ ಹಾಗೆ ನೆಟ್ಟ ಒಂದೇ ಬುಡದಲ್ಲಿ ಮೂವತ್ತೆಂಟು ತೆನೆ ಎಣಿಸಿ ಬಂದಿದ್ದಳು. ನಮ್ಮೂರವರು ಹೊಸದನ್ನು ಬೇಡ ಅನ್ನುವವರಲ್ಲ. ಪಕ್ಕದವನು ಮೊದಲು ಮಾಡಲಿ ಅನ್ನುತ್ತಾರೆ. ಪಕ್ಕದವನೂ ಹಾಗೇ ಅನ್ನುತ್ತಾನೆ.

ನೆಟ್ಟ ಗದ್ದೆ ನಾಲ್ಕು ಕೂದಲು ಬಾಚಿಕೊಂಡ ಬೋಳು ತಲೆಯಂತಿತ್ತು. ಊರು ಅವಳಿಗೆ 'ಒಂಟಿಸಸಿ' ಎಂದು ಹೆಸರಿಟ್ಟಿತು. ಗಂಡ ಬದುವಿನ ದಾರಿ ಬಿಟ್ಟು ರಸ್ತೆ ಬಳಸಿ ಓಡಾಡತೊಡಗಿದ.

ನೆಟ್ಟ ಇಪ್ಪತ್ತನೆಯ ದಿನ ಬೆಳಿಗ್ಗೆ ಅವಳ ಭಾವ, ಮನೆಯ ಯಜಮಾನ, ಟಿಲ್ಲರ್ ತಂದು ಗದ್ದೆಯಂಚಿಗೆ ನಿಲ್ಲಿಸಿದ. ಇಂಜಿನ್ ಆರಿಸಲಿಲ್ಲ. ನ್ಯಾಯ ಹೇಳಲು ನನ್ನನ್ನೂ ಕರೆಸಿದ್ದ.

"ನೋಡಮ್ಮ, ನನ್ನ ಸಸಿಮಡಿಯಲ್ಲಿ ಉಳಿಸಿಟ್ಟ ಸಸಿ ಇವತ್ತು ನೆಟ್ಟರೆ ಉಂಟು, ನಾಳೆಗೆ ಬಲಿತುಹೋಗುತ್ತೆ. ಮನೇಲಿ ಏಳು ಬಾಯಿ. ಇದನ್ನ ಉತ್ತುಬಿಡ್ತೀನಿ."

"ಇನ್ನೊಂದು ವಾರ, ಭಾವ."

"ವಾರ ಕಳೆದರೆ ನಿನ್ನದೂ ಇಲ್ಲ, ನನ್ನದೂ ಇಲ್ಲ. ಸಾಹುಕಾರ್ರೆ, ನೀವೇ ಹೇಳಿ."

ಕೈತಪ್ಪಿದ ಇಪ್ಪತ್ತೆಂಟು ಕಿಲೋ ವ್ಯಾಪಾರ ನೆನಪಾಗಿ ನಾಲಿಗೆ ತುರಿಸಿತು. "ನೀರು ನಿಲ್ಲದೆ ಬೆಳೆದ ಭತ್ತ ನಾನಂತೂ ಕಂಡಿಲ್ಲಪ್ಪ" ಅಂದೆ.

ಭಾವ ಹ್ಯಾಂಡಲ್ ಹಿಡಿದ. ಅವಳು ಕೆಸರಿಗಿಳಿದು ಟಿಲ್ಲರಿನ ಎದುರೇ ಕುಕ್ಕರುಗಾಲಲ್ಲಿ ಕೂತಳು.

"ಏಳಮ್ಮ! ಯಂತ್ರಕ್ಕೆ ಕಣ್ಣಿಲ್ಲ."

"ನಿಮಗಿದೆಯಲ್ಲ ಭಾವ!"

ಅಷ್ಟಂದು ತನ್ನದೊಂದು ಸಸಿ ಕಿತ್ತಳು. ಬದು ದಾಟಿ, ಹಳೇ ಪದ್ಧತಿಯಲ್ಲಿ ನೆಟ್ಟಿದ್ದ ಅವನ ಗದ್ದೆಯದೂ ಒಂದು ಬುಡ ಕಿತ್ತು, ಎರಡನ್ನೂ ಕಾಲುವೆಯಲ್ಲಿ ತೊಳೆದು ತಂದಳು. ಅವನದು ಆರು ಸಸಿಯ ಗುಂಪು, ಬೇರು ಗಿಡ್ಡ, ಕಪ್ಪು. ಅವಳದು ಒಂದೇ ಸಸಿ. ಏಳು ಕವಲು ಒಡೆದಿತ್ತು, ಬೇರು ಮುದುಕನ ಗಡ್ಡದಂತೆ ಬೆಳ್ಳಗೆ ಜೋತಾಡುತ್ತಿತ್ತು.

ಭಾವ ಎಣಿಸಿದ. ಮತ್ತೆ ಎಣಿಸಿದ. "ಚೆನ್ನಾಗಿರೋದನ್ನೇ ಆರಿಸಿ ಕಿತ್ತಿದ್ದೀಯ."

"ಹಾಗಾದ್ರೆ ನೀವೇ ಕೀಳಿ."

ಅವನೂ ಕಡಿಮೆಯವನಲ್ಲ. ಗದ್ದೆಯೆಲ್ಲ ಹುಡುಕಿ, ಮೂಲೆಯಲ್ಲಿ ಹಳದಿ ತಿರುಗಿದ್ದ ನರಪೇತಲವೊಂದಕ್ಕೆ ಕೈ ಹಾಕಿದ. ಬರಲಿಲ್ಲ. ಎರಡು ಕೈ ಹಾಕಿ ಎಳೆದ. ಹಿಡಿ ಮಣ್ಣಿನ ಸಮೇತ ಬಂತು: ಐದು ಕವಲು.

ಬಂದು ಇಂಜಿನ್ ಆರಿಸಿದ. ಕಿವಿ ಗುಂಯ್ ಅಂದಿತು.

"ಬೀಜ ನಮ್ಮ ಅಂಗಡಿದೇ" ಅಂದೆ. ಯಾರೂ ನನ್ನ ಕಡೆ ತಿರುಗಲಿಲ್ಲ.

"ಮಡಿಯಲ್ಲಿರೋ ಸಸಿನ ದನಕ್ಕೆ ಹಾಕು" ಅಂದ ಭಾವ.

ಈಗ ಅವಳ ಮುಖ ಬಿಳಿಚಿತು. "ಎಲ್ಲಾನೂನಾ? ಸ್ವಲ್ಪ ಇರಲಿ ಭಾವ, ಅಕಸ್ಮಾತ್..."

"ಎಲ್ಲಾನೂ ಹಾಕು. ಉಳಿದಿದ್ರೆ ಸಂಜೆಯೊಳಗೆ ನಾನೇ ಮನಸ್ಸು ಬದಲಾಯಿಸಿಬಿಡ್ತೀನಿ."