ದ್ವಾರಕಾನಾಥರ ಒಂದು ಸೀನು

ನೈರೋಬಿಯಲ್ಲಿ ಜನರೇಟರ್ ಬಾಡಿಗೆಗೆ ಕೊಡುವ ದ್ವಾರಕಾನಾಥರು ನಟರಾದದ್ದು ಚೌಕಾಸಿಯ ದೆಸೆಯಿಂದ. ಕೋಟಿಗಟ್ಟಲೆ ಸುರಿದು ತೆಗೆಯುವ ಹೊಡೆದಾಟದ ಸಿನಿಮಾವೊಂದರ ತಂಡ ಬೆಂಗಳೂರಿನಿಂದ ಬಂದಿತ್ತು. ಬಾಡಿಗೆ ಸ್ವಲ್ಪ ಇಳಿಸಿ ಎಂದು ಮ್ಯಾನೇಜರ್ ಕೇಳಿದಾಗ ಇವರು ಬಾಯಿ ಬಿಡದೆ ಎಂಥ ಮುಖ ಮಾಡಿದರೆಂದರೆ, ಪಕ್ಕದಲ್ಲಿದ್ದ ನಿರ್ದೇಶಕ, "ರೇಟು ಅವರು ಹೇಳಿದ್ದೇ ಇರ್ಲಿ ಬಿಡಿ. ಈ ಮುಖ ನಮಗೆ ಬೇಕು" ಎಂದುಬಿಟ್ಟ.

ಪಾತ್ರ ಚಿಕ್ಕದು. ನಾಯಕನ ಗೆಳೆಯನ ಕೊಲೆಯಾಗುತ್ತದೆ. ಶವಾಗಾರಕ್ಕೆ ಬಂದು ಹೆಣ ಗುರುತಿಸುವ ತಂದೆ ಇವರು. ಎದೆ ಬಡಿದುಕೊಂಡು ಕಿರುಚಬೇಕು ಎಂದು ಬರೆದಿತ್ತು.

ಕಾಲೇಜಿನಲ್ಲಿ ಪಾಠ ಹೇಳುವ, ನಾಟಕದ ಹುಚ್ಚಿನ ಗೆಳೆಯ ಕೃಷ್ಣಪ್ರಸಾದ ಸುದ್ದಿ ಕೇಳಿ ನಕ್ಕರು. "ಅಲ್ರೀ, ಸಾಲಾಗಿ ಕಾರು ಉಡಾಯಿಸೋ ಪಿಕ್ಚರಲ್ಲಿ ಕಥೆಗೆಲ್ಲಿದೆ ಜಾಗ, ಆ್ಯಕ್ಟಿಂಗಿಗೆಲ್ಲಿದೆ ಜಾಗ? ನಿಮ್ಮ ಜನರೇಟರೇ ನಿಮಗಿಂತ ಚೆನ್ನಾಗಿ ಆ್ಯಕ್ಟ್ ಮಾಡತ್ತೆ."

"ಮಾಡ್ಲಿ ಬಿಡಿ ಮೇಷ್ಟ್ರೇ, ಅದಕ್ಕೆ ಡೀಸೆಲ್ ಹಾಕೋನೂ ನಾನೇ ಅಲ್ವಾ?"

ಚಿತ್ರೀಕರಣದ ದಿನ ದ್ವಾರಕಾನಾಥರು ಕಿರುಚಲಿಲ್ಲ. ಬಿಳಿ ಬಟ್ಟೆಯ ಕೆಳಗಿನಿಂದ ಹೆಣದ ಒಂದು ಪಾದ ಹೊರಗೆ ಚಾಚಿತ್ತು. ಬಟ್ಟೆ ಎಳೆದು ಅದನ್ನು ಮುಚ್ಚಿದರು, ಅಂಚನ್ನು ಹಿಮ್ಮಡಿಯ ಕೆಳಗೆ ಮೆಲ್ಲಗೆ ಸಿಕ್ಕಿಸಿದರು. ಆಮೇಲೆ ನಾಯಕನತ್ತ ತಿರುಗಿ, "ಇವನಿಗೆ ಚಳಿ ಅಂದ್ರೆ ಆಗಲ್ಲಪ್ಪ" ಎಂದರು. ನಿರ್ದೇಶಕ ಇನ್ನೊಂದು ಟೇಕ್ ಕೇಳಲಿಲ್ಲ.

ಅದು ನಟನೆಯೇ ಆಗಿರಲಿಲ್ಲ. ಹೆಂಡತಿ ಜಯಾ ಆಸ್ಪತ್ರೆಯಲ್ಲಿ ತೀರಿಕೊಂಡ ದಿನ, ನೈರೋಬಿ ನಡುಗುವ ಜುಲೈ ತಿಂಗಳ ಚಳಿಯಲ್ಲಿ, ಅವರು ಮಾಡಿದ್ದು ಅಷ್ಟನ್ನೇ. ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದ ಮಗಳು ಮಧುರಾ ಓಡಿ ಬರುವಷ್ಟರಲ್ಲಿ ಅಪ್ಪ ಕಾರಿಡಾರಿನಲ್ಲಿ ನಿಂತು, ಯಾರದೋ ಮದುವೆಮನೆಯಲ್ಲಿ ಕೆಟ್ಟು ನಿಂತ ಜನರೇಟರಿನ ಯಾವ ವೈರು ಕೀಳಬೇಕೆಂದು ಫೋನಿನಲ್ಲಿ ಹೇಳುತ್ತಿದ್ದರು. ಅವಳು ಕಂಡದ್ದು ಅದನ್ನು ಮಾತ್ರ. ಅಂದಿನಿಂದ ಲಂಗಾಟಾ ಬಡಾವಣೆಯ ಮನೆಯಲ್ಲಿ ಅಪ್ಪ-ಮಗಳ ಮಾತೆಲ್ಲ ಊಟ, ಗೇಟಿನ ಬೀಗ, ಮುಂಗಡ ದುಡ್ಡು ಕಟ್ಟಿ ಮೀಟರಿಗೆ ಹಾಕುವ ಕರೆಂಟಿನ ಟೋಕನ್, ಇಷ್ಟಕ್ಕೇ ನಿಂತಿತ್ತು. ಎಷ್ಟೋ ಸಲ ಹೇಳಲು ಹೊರಟರು. ಗಿರಾಕಿಗಳೆದುರು ಹರಿಯುವ ನಾಲಿಗೆ ಮಗಳೆದುರು ಒಣಗುತ್ತಿತ್ತು. ತಾನು ಹೇಳಲಾರದ್ದನ್ನು ಸಿನಿಮಾ ಹೇಳೀತು, ಅವಳು ನೋಡಿದರೆ ಸಾಕು ಎಂದುಕೊಂಡರು.

ಸಿನಿಮಾ ಬಿಡುಗಡೆಯಾದಾಗ ಕನ್ನಡದವರೆಲ್ಲ ಸೇರಿ ಮಾಲ್‌ನ ಥಿಯೇಟರೊಂದನ್ನು ಭಾನುವಾರ ಬೆಳಿಗ್ಗೆಗೆ ಹಿಡಿದರು. ನಮ್ಮವರು ಪರದೆಯ ಮೇಲೆ ಬಂದಾಗ ತೆಪ್ಪಗೆ ಕೂರುವುದು ಅವರಿಗೆ ಮಾಡುವ ಅವಮಾನ ಎಂದು ನಂಬಿದ ಜನ. ಕಂಪನಿ ಕೆಲಸಕ್ಕೆಂದು ಬಂದಿದ್ದ ಚೇತನ್ ಚೀಲಗಟ್ಟಲೆ ಕಾಗದ ಹರಿದು ತಂದಿದ್ದ. ದ್ವಾರಕಾನಾಥರ ಮುಖ ಕಂಡದ್ದೇ ತಡ, ಶಿಳ್ಳೆ, ಕಾಗದದ ಮಳೆ, "ದ್ವಾರಕಣ್ಣಂಗೆ ಜೈ!" ಎಂಬ ಕೂಗು. ಮಧುರಾ ಕೂಡ ಎದ್ದು ನಿಂತು ನಗುತ್ತ ಎರಡು ಹಿಡಿ ಎರಚಿದಳು. ಕಾಗದ ನೆಲ ಸೇರುವಷ್ಟರಲ್ಲಿ ನಾಯಕ ಬೈಕ್ ಸಮೇತ ಯಾವುದೋ ಕಟ್ಟಡದ ಮೇಲಿದ್ದ.

"ಸಖತ್ ಸರ್!" ಚೇತನ್ ಹೊರಗೆ ಕೈ ಕುಲುಕಿದ. "ಏನ್ ಮಾಡಿದ್ರಿ ಅಂತ ಕಾಣ್ಲಿಲ್ಲ. ಆದ್ರೆ ಸಖತ್!"

"ನಾನು ಹೇಳಿರ್ಲಿಲ್ವಾ?" ಎಂದರು ಕೃಷ್ಣಪ್ರಸಾದ. ದ್ವಾರಕಾನಾಥರು ಅವರಿಗೂ ತಲೆಯಾಡಿಸಿದರು.

ಕಾರಿನಲ್ಲಿ ಮಗಳನ್ನು ಕೇಳಿದರು. "ಇನ್ನೊಂದ್ಸಲ ನೋಡೋಣ್ವಾ?"

"ನೋ ಅಪ್ಪಾ, ಪ್ಲೀಸ್. ಜಸ್ಟ್ ಕಾರ್ಸ್ ಅಂಡ್ ಗನ್ಸ್."

ವ್ಯಾಪಾರದಲ್ಲಿ ಯಾರನ್ನೂ ಎರಡನೇ ಸಲ ಕೇಳಿದವರಲ್ಲ ದ್ವಾರಕಾನಾಥರು. ಈಗ ಕೇಳಿದರು. "ಒಂದೇ ಸಲ ಕಣಮ್ಮ. ನನ್ನ ಸೀನ್ ಆದ ತಕ್ಷಣ ಎದ್ದು ಬಂದ್ಬಿಡೋಣ."

ವಾರದ ನಡುವಿನ ಮಧ್ಯಾಹ್ನ ಹಾಲ್ ಖಾಲಿ ಹೊಡೆಯುತ್ತಿತ್ತು. ಮುಂದಿನ ಸಾಲಿನಲ್ಲಿ ನೈರೋಬಿಯವರೇ ಆದ ಕಾಲೇಜು ಹುಡುಗಿಯರು ಕೆಲವರು ಪಾಪ್‌ಕಾರ್ನ್ ಹಿಡಿದು ಕೂತಿದ್ದರು. ಶವಾಗಾರ ಬಂತು. ಯಾರೂ ಶಿಳ್ಳೆ ಹಾಕಲಿಲ್ಲ. ಪರದೆಯ ಮೇಲಿನ ಮುದುಕ ಪಾದ ಮುಚ್ಚಿದ, ಚಳಿಯ ಮಾತಾಡಿದ. ಕ್ಯಾಮೆರಾ ನಾಯಕನ ಮುಖದ ಮೇಲೆ ಬಹಳ ಹೊತ್ತು ನಿಂತಿತು. ಹುಡುಗಿಯರ ಕೈ ಪಾಪ್‌ಕಾರ್ನಿನೊಳಗೇ ಉಳಿಯಿತು.

ಮಾತು ಕೊಟ್ಟಂತೆ ದ್ವಾರಕಾನಾಥರು ಎದ್ದರು. ಮಧುರಾ ಅವರ ತೋಳು ಹಿಡಿದಳು.

"ಕೂತ್ಕೊಳ್ಳಿ."

"ನಂದು ಮುಗೀತಲ್ಲಮ್ಮ."

"ಅವ್ನು ಈಗ ಏನ್ ಮಾಡ್ತಾನೆ, ನೋಡ್ಬೇಕು."

ಅವರು ಕೂತರು. ಭಾನುವಾರ ಬರಿಯ ಗದ್ದಲವಾಗಿದ್ದ ಹೊಡೆದಾಟಕ್ಕೆ ಇವತ್ತು ಕಾರಣವಿತ್ತು. ನಾಯಕ ಬೀಸಿದ ಒಂದೊಂದು ಏಟಿನ ಹಿಂದೆಯೂ ಆ ಪಾದವಿತ್ತು. ಗುಂಡಿನ ಸದ್ದಿನ ನಡುವೆ ಮಧುರಾ ಬಾಗಿ ಕೇಳಿದಳು.

"ಅಮ್ಮಂಗೂ ಹೀಗೇ ಮಾಡಿದ್ರಾ?"

"ಹೂಂ. ಕಾಲು ಹೊರಗಿತ್ತು, ಮುಚ್ಚಿದೆ. ಆಮೇಲೆ ಏನ್ ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ. ಫೋನ್ ಬಂತು, ಎತ್ತಿದೆ."

ಅವಳು ಹಿಡಿದ ತೋಳು ಬಿಡಲಿಲ್ಲ. ಪರದೆಯ ಮೇಲೆ ಖಳನಾಯಕನ ಹಡಗು ಸಿಡಿದು ಚೂರಾಯಿತು. ಮಧುರಾ ಬಿಕ್ಕುವ ಸದ್ದು ಕೇಳಿ ಮುಂದಿನ ಸಾಲಿನ ಹುಡುಗಿಯೊಬ್ಬಳು ತಿರುಗಿ ನೋಡಿದಳು. ಒಂದು ಹಡಗಿಗೆ ಹೀಗೆ ಅಳುವವರೂ ಇದ್ದಾರಲ್ಲ ಎನಿಸಿತೋ ಏನೋ, ಕರವಸ್ತ್ರ ಚಾಚಿದಳು.