ಮನೆಗೆ ಉಳಿದ ಗಂಡುಹಂದಿ

ನಾನು ಮದುವೆಯಾಗಿ ಕಾರ್ಕಳದಿಂದ ಕಟಪಾಡಿಯ ಒಳಭಾಗದ ಈ ಮನೆಗೆ ಬಂದದ್ದು ಐವತ್ತರ ದಶಕದಲ್ಲಿ. ಗಂಡ ಬೊಂಬಾಯಿಯಲ್ಲಿ ಕೆಲಸಕ್ಕಿದ್ದರು, ವರ್ಷಕ್ಕೊಮ್ಮೆ ಬರುತ್ತಿದ್ದರು. ಮನೆಯಲ್ಲಿ ಅತ್ತೆ, ಮದುವೆಯ ವಯಸ್ಸಿಗೆ ಬಂದ ನಾದಿನಿ, ನಾನು, ಆಮೇಲೆ ಹುಟ್ಟಿದ ನನ್ನ ಮಗಳು. ಮಗಳ ಬಾಣಂತನ ಮುಗಿಸಿ ತವರಿನಿಂದ ಹೊರಡುವಾಗ ಅಪ್ಪ ಒಂದು ಕರಿಯ ಹೆಣ್ಣುಹಂದಿ ಮರಿಯನ್ನು ಬುಟ್ಟಿಯಲ್ಲಿಟ್ಟು ಕೊಟ್ಟಿದ್ದರು. ಹಾಗಾಗಿ ಹಿತ್ತಿಲಿನ ಹಂದಿಗೂಡು ಯಾರೂ ಹೇಳದೆಯೇ ನನ್ನ ಪಾಲಿಗೆ ಬಂತು.

ಅತ್ತೆಯ ಮನೆಯಲ್ಲಿ ಒಂದು ಕಾನೂನಿತ್ತು. ಒಳ್ಳೆಯದು ಬಂದವರಿಗೆ, ಉಳಿದದ್ದು ಮನೆಯವರಿಗೆ. ಮೀನಿನ ನಡು ತುಂಡು ನೆಂಟರಿಗೆ, ತಲೆ ಗಂಡಸರಿಗೆ, ಬಾಲ ಅಡುಗೆ ಮಾಡಿದವಳಿಗೆ. ಆ ಮನೆಯಲ್ಲಿ ನಾನು ತಿಂದಷ್ಟು ಮೀನಿನ ಬಾಲವನ್ನು ಬೆಕ್ಕೂ ತಿಂದಿರಲಿಕ್ಕಿಲ್ಲ. ಅತ್ತೆ ಜಿಪುಣಿಯಲ್ಲ, ಅದನ್ನು ಹೇಳಲೇಬೇಕು. ಅವರ ಮನೆಯಿಂದ ಹಸಿದು ಹೋದವರು ಒಬ್ಬರೂ ಇಲ್ಲ. ಆದರೆ ಅದೇ ಕಾನೂನನ್ನು ಅವರು ಹಂದಿಗೂಡಿಗೂ ಹಚ್ಚಿದ್ದರು. ಹುಟ್ಟಿದ ಗಂಡುಮರಿಗಳಲ್ಲಿ ದುಂಡಗೆ ಗಟ್ಟಿಮುಟ್ಟಾಗಿದ್ದದ್ದನ್ನು ಬೀಜ ತೆಗೆಸಿ ಹಬ್ಬಕ್ಕೋ ಮದುವೆಗೋ ಕೊಬ್ಬಿಸುವುದು. ಬೀಜ ಇರುವ ಗಂಡಿನ ಮಾಂಸ ನಾರುತ್ತದೆ, ಊಟಕ್ಕೆ ಆಗುವುದಿಲ್ಲ. ಕೊನೆಗೆ ಯಾರ ಊಟಕ್ಕೂ ಬೇಡವಾದ ಸಣಕಲು ಮರಿಯೊಂದು ಹಾಗೆಯೇ ಉಳಿಯುತ್ತಿತ್ತು. ಅದು ಬೆಳೆದು ಮನೆಯ ಗಂಡುಹಂದಿಯಾಗುತ್ತಿತ್ತು.

ಅತ್ತೆ ಮೊದಲೇ ಸಾಕಿದ್ದ ಗಂಡಿನಿಂದ ನನ್ನ ಹೆಣ್ಣು ಮೊದಲ ಸಲ ಗೂಡಿನ ತುಂಬ ಮರಿ ಹಾಕಿತು. ಆ ಮರಿಗಳಲ್ಲಿ ಉಳಿದ ಸಣಕಲನ್ನೇ ಆಮೇಲೆ ಅದಕ್ಕೆ ಬಿಟ್ಟೆವು. ಅಲ್ಲಿಂದ ಶುರುವಾಯಿತು ನೋಡಿ. ಮುಂದಿನ ಸಲ ಐದು ಮರಿ, ಅದರ ಮುಂದಿನ ಸಲ ಮೂರು, ಅದರಲ್ಲೂ ಒಂದಕ್ಕೆ ಎದ್ದು ನಿಲ್ಲಲಾಗುತ್ತಿರಲಿಲ್ಲ. ನಾನು ನನಗೆ ತಿಳಿದದ್ದನ್ನೆಲ್ಲ ಮಾಡಿದೆ. ಕೆಸುವಿನ ಎಲೆ, ತೌಡು, ಮೀನಿನ ತ್ಯಾಜ್ಯ ಬೇಯಿಸಿ ಹಾಕಿದೆ. ತಾಯಿ ಮಗ್ಗುಲಾಗುವಾಗ ಮರಿಗಳು ಅಡಿಗೆ ಸಿಕ್ಕಿ ಸಾಯಬಾರದೆಂದು ಗೋಡೆಯುದ್ದಕ್ಕೂ ಬಿದಿರಿನ ಅಡ್ಡೆ ಕಟ್ಟಿಸಿದೆ. ಇದ್ದ ಮರಿಗಳು ಉಳಿದವು. ಆದರೆ ಹುಟ್ಟುವುದೇ ಕಡಿಮೆಯಾದರೆ ಅಡ್ಡೆ ಕಟ್ಟಿ ಏನು ಪ್ರಯೋಜನ?

"ತಳಿಯೇ ಅಷ್ಟು," ಎಂದರು ಅತ್ತೆ. "ಆ ಮನೆಯಿಂದ ಬಂದದ್ದು ಹೆಚ್ಚು ಹೆರುವುದಿಲ್ಲ."

ನನಗೆ ಆಗ ಒಬ್ಬಳೇ ಮಗಳು. ಮಾತು ಹಂದಿಗೆ ಮಾತ್ರ ಹೇಳಿದ್ದಲ್ಲ ಎಂದು ಗೂಡಿನ ಹಂದಿಗೂ ಅರ್ಥವಾಗಿರಬೇಕು. ನನಗೆ ಮೈಯೆಲ್ಲ ಉರಿಯಿತು. ನಾದಿನಿ ಮಾತು ತಿರುಗಿಸಲು, "ಮಣಿಪಾಲದಲ್ಲಿ ಈಗ ದೊಡ್ಡ ದೊಡ್ಡ ಡಾಕ್ಟರು ಬಂದಿದ್ದಾರಂತೆ, ಹಂದಿಯನ್ನು ಅಲ್ಲಿಗೆ ತೋರಿಸುವನಾ?" ಎಂದು ನಕ್ಕಳು. ನಾನು ನಗಲಿಲ್ಲ. ಅವಳ ಮದುವೆ ಮುಗಿದ ಮೇಲೆ ಆ ಹೆಣ್ಣನ್ನು ಕಡಿಸಿ ಗೂಡು ಮುಚ್ಚುವುದೆಂದು ಅತ್ತೆ ತೀರ್ಮಾನ ಮಾಡಿಬಿಟ್ಟರು.

ಆ ವರ್ಷ ತವರಿಗೆ ಹೋದಾಗ ಅಪ್ಪನ ಮುಂದೆ ಅತ್ತುಬಿಟ್ಟೆ. ನನ್ನ ಹಂದಿಯ ಒಡಹುಟ್ಟು ಅಲ್ಲಿ ಮೊಲೆ ಸಾಲದಷ್ಟು ಮರಿಗಳ ಜೊತೆ ಮಲಗಿತ್ತು. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಗಂಡು ಯಾರ ಮನೆಯದ್ದು?"

"ನಮ್ಮದೇ. ಅದೇ ಹೆಣ್ಣಿನ ಮೊದಲ ಸೂಲಿನದ್ದು."

ಅಪ್ಪ ಹಣೆ ಚಚ್ಚಿಕೊಂಡರು. "ನಮ್ಮಲ್ಲಿ ದೂರದ ನೆಂಟಸ್ತಿಕೆ ಇದ್ದರೂ ಮದುವೆಗೆ ಬಿಷಪರ ಅಪ್ಪಣೆ ಬೇಕು. ನಿಮ್ಮ ಗೂಡಿನಲ್ಲಿ ತಾಯಿಮಗನದ್ದೇ ಸಂಸಾರ ಉಂಟಲ್ಲ ಮಾರಾಯ್ತಿ! ಅದೂ ಮಗ ಎಂಥವನು? ಯಾರೂ ತಿನ್ನದವನು."

ಗಂಡನ್ನು ಹೊರಗಿನಿಂದ ತರಬೇಕು, ಅದೂ ಒಳ್ಳೆಯದನ್ನೇ ತರಬೇಕು ಎಂದು ಅಪ್ಪ ಹೇಳಿ ಕಳುಹಿಸಿದರು. ಕಾಪುವಿನಲ್ಲಿ ನಮ್ಮವರೇ ಆದ ಒಬ್ಬ ವಿಧವೆಯ ಗೂಡು ಹೆಸರಾಗಿತ್ತು. ಭಾನುವಾರ ಪೂಜೆ ಮುಗಿಸಿ ಅವರ ಮನೆಗೆ ಹೋದೆ. ಮರಿಗೆ ಮರಿ ಬದಲಿ ಕೊಡುವುದಕ್ಕೆ ಅವರು ಒಪ್ಪಿದರು. "ಆದರೆ ನಿಮ್ಮಲ್ಲಿ ಉಳಿದದ್ದು ನನಗೆ ಬೇಡ. ಊಟಕ್ಕೆ ಇಟ್ಟದ್ದನ್ನು ತಾ, ಬೀಜ ತೆಗೆಸದೆ ತಾ," ಎಂದರು.

ಅಲ್ಲಿಗೆ ಕುತ್ತಿಗೆಗೆ ಬಂತು. ಆ ಮಳೆಗಾಲದ ಸೂಲಿನಲ್ಲಿ ನನ್ನ ಹೆಣ್ಣು ಹಾಕಿದ ನಾಲ್ಕರಲ್ಲಿ ಚೆಂದದ ಗಂಡು ಒಂದೇ ಒಂದು. ಅದನ್ನು ಅತ್ತೆ ಈಸ್ಟರ್ ಕಳೆದ ಮೇಲಿನ ನಾದಿನಿಯ ಮದುವೆಗೆ ಮುಡಿಪಿಟ್ಟಾಗಿತ್ತು. ನಾನು ಕೇಳಿದೆ. ಅತ್ತೆ ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತಲಿಲ್ಲ. "ಮಗಳ ಮದುವೆಗೆ ಬಂದವರಿಗೆ ಬೇರೆಯವರ ಹಂದಿ ಬಡಿಸಬೇಕಾ? ನಾನು ಸತ್ತ ಮೇಲೆ ಮಾಡು," ಎಂದರು.

ಬೀಜ ತೆಗೆಯುವವನು ಮರುದಿನ ಬರುತ್ತಾನೆಂದು ಗೊತ್ತಾದಾಗ ನಾನು ಬುಟ್ಟಿ ಹುಡುಕಿದೆ. ನಾದಿನಿ ನೋಡಿದಳು. ಅತ್ತೆಗೆ ಹೇಳುತ್ತಾಳೆಂದುಕೊಂಡೆ. ಅವಳು ಒಳಗೆ ಹೋಗಿ ಹಗ್ಗ ತಂದಳು. "ನನ್ನ ಊಟಕ್ಕೆ ಯಾವ ಹಂದಿಯಾದರೆ ಎಂತ? ಮಸಾಲೆ ನಮ್ಮದೇ ಅಲ್ವಾ," ಎಂದಳು. ಇಬ್ಬರೂ ಬುಟ್ಟಿ ಹಿಡಿದು ಕಟಪಾಡಿಗೆ ನಡೆದೆವು. ಬಸ್ಸಿನ ತಲೆಯ ಮೇಲೆ ಕುಳಿತ ಮರಿ ಕಾಪುವರೆಗೂ ಕಿರುಚಿತು. ಕಂಡಕ್ಟರ್ ಟಿಕೇಟು ಕೊಡುವಾಗ, "ಹೆಣ್ಣಿನ ಕಡೆಯವರಾ, ಗಂಡಿನ ಕಡೆಯವರಾ?" ಎಂದು ಕೇಳಿದ. ಗಂಡಿನ ಕಡೆಯವರೆಂದೆ. ಹಿಂದೆ ಬರುವಾಗ ಅದೇ ಬುಟ್ಟಿಯಲ್ಲಿ ಕಾಪುವಿನ ಮರಿ ಇತ್ತು, ಉದ್ದ ಬೆನ್ನಿನದು, ಒಂದು ಕಿವಿಯ ಮೇಲೆ ಬಿಳಿ ಮಚ್ಚೆ.

ಬೀಜ ತೆಗೆಯುವವನು ಬೆಳಿಗ್ಗೆ ಬಂದ. ಕರೆಸಿದವನನ್ನು ಸುಮ್ಮನೆ ಕಳುಹಿಸುವುದು ಸರಿಯಲ್ಲ. ಹಳೆಯ ಸಣಕಲು ಗಂಡನ್ನು ಹಿಡಿದುಕೊಟ್ಟೆ. ಅವನು ಕೆಲಸ ಮುಗಿಸಿ, ಬೂದಿ ಅರಸಿನ ಹಚ್ಚಿ ಹೋದ. ಆಗಲೇ ಅತ್ತೆಗೆ ವಿಷಯ ತಿಳಿದದ್ದು. ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ಅವರು ನನ್ನೊಡನೆ ಮಾತು ಬಿಟ್ಟರು. ಉಪ್ಪು ಬೇಕಾದರೂ ಮೊಮ್ಮಗಳ ಮೂಲಕ ಕೇಳುತ್ತಿದ್ದರು.

ಈಗ ಮನೆಯಲ್ಲಿ ಗಂಡೆಂದು ಇದ್ದದ್ದು ಆ ಮಚ್ಚೆಯ ಮರಿ ಒಂದೇ. ಅದಕ್ಕೆ ಭೇದಿಯಾದಾಗ ನನಗೂ ಊಟ ಸೇರಲಿಲ್ಲ. ಅದು ಸತ್ತರೆ ಗೂಡೂ ಹೋಯಿತು, ತವರಿನ ಮರ್ಯಾದೆಯೂ ಹೋಯಿತು. ಗಂಜಿ ತಿಳಿ ಕುಡಿಸಿ ಕುಡಿಸಿ ಉಳಿಸಿಕೊಂಡೆ. ಮದುವೆಗೆ ಬೇರೆ ಮನೆಯ ಹಂದಿ ಬಂತು. ಉಂಡವರು ಬೆರಳು ಚೀಪಿದರು. ಅತ್ತೆ ಮಾತ್ರ ಮಾಂಸ ಮುಟ್ಟಲಿಲ್ಲ. ಹೆಣ್ಣನ್ನು ಕಡಿಸುವ ಮಾತು ಮತ್ತೆ ಬಂದಾಗ ನಾನು ನೇರವಾಗಿ ಹೇಳಿದೆ: "ಗರ್ಭ ನಿಂತಿದೆ. ಗಬ್ಬದ ಹಂದಿಯನ್ನು ಕಡಿಸಿದ ಮನೆ ಎಂದು ಹೇಳಿಸಿಕೊಳ್ಳುವುದಾದರೆ ಕಡಿಸಿ." ಕಡಿಸುವ ಮಾತು ಅಲ್ಲಿಗೇ ನಿಂತಿತು. ನನಗೆ ಆಗ ಗರ್ಭದ ಖಾತ್ರಿ ಇರಲಿಲ್ಲ. ಬೆಳೆದ ಮಚ್ಚೆಯ ಗಂಡನ್ನು ಬಿಟ್ಟ ಮೇಲೆ ಅದು ಮತ್ತೆ ಬೆದೆಗೆ ಬಂದಿರಲಿಲ್ಲ, ಅಷ್ಟೇ.

ಆಟಿ ತಿಂಗಳ ಜಡಿಮಳೆಯಲ್ಲಿ ಅದು ಒಣಹುಲ್ಲನ್ನು ಬಾಯಲ್ಲಿ ಕಚ್ಚಿ ಮೂಲೆಗೆ ಎಳೆಯತೊಡಗಿತು. ಮಧ್ಯಾಹ್ನದ ಹೊತ್ತಿಗೆ ಮರಿಗಳು ಬರಲು ಶುರುವಾದವು. ಬಂದವು, ಬಂದವು, ಬರುತ್ತಲೇ ಇದ್ದವು. ಹನ್ನೊಂದು. ಎಲ್ಲವೂ ಎದ್ದು ಮೊಲೆ ಹಿಡಿದವು. ನಾನು ಗೂಡಿನ ಕೆಸರಿನಲ್ಲೇ ಕುಳಿತು ನಕ್ಕೆ. ಮಗಳು ಓಡಿ ಹೋಗಿ ಅಜ್ಜಿಗೆ ಹೇಳಿದಳು. ಅತ್ತೆ ತಲೆಯ ಮೇಲೆ ಗೋಣಿಯ ಕೊಪ್ಪೆ ಹಾಕಿಕೊಂಡು ಬಂದರು, ಅಡ್ಡೆಯ ಹೊರಗೆ ನಿಂತು ನೋಡಿದರು, ಹಿಂದೆ ಹೋದರು.

ಮಳೆ ಇಳಿದು ದೋಣಿಗಳು ಕಡಲಿಗೆ ಹೋಗತೊಡಗಿದಾಗ ಕಾಪುವಿನ ಆ ಹೆಂಗಸು ಮರಿಗಳನ್ನು ನೋಡಲು ಬಂದರು. ನೆಂಟರು ಬಂದರೆಂದು ಅತ್ತೆ ಅಂಜಲ್ ಮೀನು ತರಿಸಿದರು. ನಾನು ಸಾರು ಮಾಡಿದೆ, ಬಡಿಸಲು ಅತ್ತೆ ಕುಳಿತರು. ನಡು ತುಂಡು ನೆಂಟರಿಗೆ ಹಾಕಿದರು. ಇನ್ನೊಂದು ನಡು ತುಂಡನ್ನು ಸೌಟಿನಲ್ಲಿ ಎತ್ತಿ ನನ್ನ ಬಟ್ಟಲಿಗೆ ಹಾಕಿದರು. ತಪ್ಪಿ ಬಿತ್ತೆಂದುಕೊಂಡು ನಾನು ಅದನ್ನು ಮಗಳ ಬಟ್ಟಲಿಗೆ ಹಾಕಲು ಹೊರಟೆ.

"ತಿನ್ನು," ಎಂದರು ಅತ್ತೆ. ತಿಂಗಳುಗಟ್ಟಲೆ ಕಳೆದ ಮೇಲೆ ನೇರವಾಗಿ ನನಗೇ ಆಡಿದ ಮೊದಲ ಮಾತು ಅದು. "ಒಳ್ಳೆಯದನ್ನೆಲ್ಲ ಹೊರಗೆ ಕೊಟ್ಟರೆ ಮನೆಗೆ ಎಂತ ಉಂಟು?"

ಬಾಲದ ತುಂಡು ಅವರ ಬಟ್ಟಲಿನಲ್ಲಿತ್ತು. ಸಾರಿಗೆ ಉಪ್ಪು ಹೆಚ್ಚಾಗಿತ್ತು, ಆ ದಿನ ಅದನ್ನು ಯಾರೂ ಹೇಳಲಿಲ್ಲ. ನಾನು ಮುಳ್ಳನ್ನೂ ಬಿಡದೆ ಚೀಪಿ ತಿಂದೆ.