ಪಿನ್ನಮ್ಮನ ಕೊನೇ ಪುಟ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಯ ಮೇಜಿನ ಕೆಳಗೆ ಐವತ್ತು ದಾಟಿದ ಹೆಂಗಸೊಬ್ಬರು ಬೆನ್ನಿಗೆ ಎರಡು ದಿಂಬು ಕಟ್ಟಿಕೊಂಡು ಅಂಬೆಗಾಲಲ್ಲಿ ನಿಂತಿದ್ದಾರೆ. ಮುಂದಕ್ಕೂ ಹೋಗಲಾಗುತ್ತಿಲ್ಲ, ಹಿಂದಕ್ಕೂ ಬರಲಾಗುತ್ತಿಲ್ಲ. ಬಾಯಲ್ಲಿ ಪೆನ್ಸಿಲ್. ಚಹಾ ಕಾಯಿಸಲು ಎದ್ದುಬಂದ ಅತ್ತೆಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ.

"ಇವತ್ತು ಯಾವ ಪ್ರಾಣಿ?"

"ಆಮೆ, ಅತ್ತೆ. ಮೇಜಿನ ಕೆಳಗೆ ತೂರಿದ್ರೆ ಸಿಕ್ಕಿಹಾಕಿಕೊಳ್ಳುತ್ತೋ ಇಲ್ವೋ ನೋಡ್ತಿದ್ದೆ."

"ಸಿಕ್ಕಿಹಾಕಿಕೊಂಡಿದೆಯಲ್ಲ. ಬರ್ಕೋ. ಆಮೇಲೆ ಆ ದಿಂಬಿನ ಗವಸು ನೀನೇ ಒಗಿ."

ಹೀಗೆ ಸಿಕ್ಕಿಹಾಕಿಕೊಳ್ಳುತ್ತಾ ಬಿಡಿಸಿಕೊಳ್ಳುತ್ತಾ ಇಪ್ಪತ್ತು ವರ್ಷಗಳಿಂದ ಮಕ್ಕಳ ಪುಸ್ತಕ ಬರೆಯುತ್ತಿರುವ ಇವರ ಹೆಸರು ಓದುಗರಿಗೆ ಗೊತ್ತಿಲ್ಲ. ಚಿತ್ರಪುಸ್ತಕಗಳ ಮುಖಪುಟದಲ್ಲಿ ಚಿತ್ರಕಾರನ ಹೆಸರು ದೊಡ್ಡದಾಗಿರುತ್ತದೆ. ಇವರದು ಹಿಂಬದಿಯಲ್ಲಿ, ಬೆಲೆಯ ಪಕ್ಕ. ಓದು ಕಲಿಯುವವರ ಪುಟ್ಟ ಪುಸ್ತಕಗಳಲ್ಲಂತೂ ಹೆಸರೇ ಇಲ್ಲ. ಬರವಣಿಗೆಯಿಂದ ಹೊಟ್ಟೆ ತುಂಬದ ಕಾರಣ ಹಗಲೆಲ್ಲ ಶಾಲಾ ಸಮವಸ್ತ್ರದ ಅಂಗಡಿಯಲ್ಲಿ ಕೆಲಸ. ಉದ್ದವಾದ ಚಡ್ಡಿ, ಲಂಗಗಳ ಅಂಚು ಮಡಚಿ ಗುಂಡುಪಿನ್ನು ಚುಚ್ಚಿ ಹೊಲಿಗೆಗೆ ಕಳಿಸುವುದು. ಅಲ್ಲಿಗೆ ಬರುವ ಮಕ್ಕಳ ಬಾಯಲ್ಲಿ ಇವರು ಪಿನ್ನಮ್ಮ.

ಅಂಗಡಿಯ ಮೂಲೆಯಲ್ಲಿರುವ ಸ್ಟೂಲೇ ಪಿನ್ನಮ್ಮನ ಪರೀಕ್ಷಾ ಕೇಂದ್ರ. ಅಳತೆ ಕೊಡುವ ಮಗು ಅದರ ಮೇಲೆ ನಿಲ್ಲಬೇಕು. ಅಲ್ಲಾಡಿದರೆ ಪಿನ್ನು ಚುಚ್ಚುತ್ತದೆ. ಪಿನ್ನಮ್ಮ ಮೊಣಕಾಲೂರಿ ಕೂತು, ಅಂಚು ಮಡಚುತ್ತಾ, ತಾವು ಬರೆಯುತ್ತಿರುವ ಕಥೆ ಹೇಳುತ್ತಾರೆ. ಮಗು ಕಂಬದ ಹಾಗೆ ನಿಂತರೆ ಆ ಪುಟ ಪಾಸು. ಒಂದು ಕಾಲಿನಿಂದ ಇನ್ನೊಂದು ಕಾಲು ಕೆರೆದುಕೊಂಡರೆ ಆ ಪುಟ ಕಸದ ಬುಟ್ಟಿಗೆ. "ದೊಡ್ಡವರು ಚೆನ್ನಾಗಿದೆ ಅಂತ ಬಾಯಿಮಾತಿಗೆ ಹೇಳಿಬಿಡ್ತಾರೆ. ಕಾಲು ಸುಳ್ಳು ಹೇಳಲ್ಲ," ಎನ್ನುತ್ತಾರೆ ಅವರು.

"ಅಮ್ಮಾ, ಮೂರಿಂಚು ಮಡಚೋಕೆ ಮೂರು ಅಧ್ಯಾಯ ಬೇಕಾ?" ಎಂದು ಮಾಲೀಕರು ಗಲ್ಲಾದಿಂದಲೇ ಕೂಗುತ್ತಾರೆ. ಬೇರೆ ಅಂಗಡಿಗಳಲ್ಲಿ ನೆಲಕ್ಕೆ ಬಿದ್ದು ರಂಪ ಮಾಡುವ ಮಕ್ಕಳು ಇಲ್ಲಿ ಬಾಯಿ ತೆರೆದುಕೊಂಡು ನಿಂತಿರುವುದರಿಂದ ಬೈಗುಳ ಅಷ್ಟಕ್ಕೇ ನಿಲ್ಲುತ್ತದೆ.

ಬರೆಯುವುದು ಮೂರು ಬಗೆಯ ಪುಸ್ತಕ, ತಲೆನೋವೂ ಮೂರು ಬಗೆ. ಆಗತಾನೇ ಅಕ್ಷರ ಕೂಡಿಸುವವರಿಗೆ ಬರೆಯುವಾಗ ಒತ್ತಕ್ಷರ ಬರಕೂಡದು. ಅಂದರೆ ಅಮ್ಮ ಇಲ್ಲ, ಅಪ್ಪ ಇಲ್ಲ, ಅಕ್ಕ, ಅಣ್ಣ, ಅಜ್ಜಿ ಯಾರೂ ಇಲ್ಲ. ಆ ಪುಸ್ತಕಗಳ ಮನೆಯಲ್ಲಿ ಮಗು ಕೂಗಿ ಕರೆಯಲು ಉಳಿದಿರುವುದು ತಾತ ಮತ್ತು ಮಾವ ಮಾತ್ರ.

"ಬರೀ ಗಂಡಸರ ಸಂಸಾರ. ಅಡುಗೆ ಯಾರು ಮಾಡ್ತಾರೆ?" ಎಂದು ಅತ್ತೆ ಒಮ್ಮೆ ಕೇಳಿದ್ದರು.

"ಮಾವನೇ ಮಾಡ್ತಾನೆ."

"ಸುಳ್ಳು ಬರೆಯೋಕೂ ಒಂದು ಮಿತಿ ಇರಬೇಕು. ನನ್ನನ್ನ ಯಾವಾಗ ಸೇರಿಸ್ತೀಯಾ?"

"ಅತ್ತೆಗೂ ಒತ್ತು ಇದೆಯಲ್ಲ. ಎರಡನೇ ಭಾಗಕ್ಕೆ ಬನ್ನಿ."

ಹತ್ತು ಹನ್ನೆರಡು ವಯಸ್ಸಿನವರ ಕಾದಂಬರಿಯ ಕಷ್ಟ ಬೇರೆ. "ದೊಡ್ಡವರೆಲ್ಲ ದಡ್ಡರು ಅಂತ ತೋರಿಸದಿದ್ರೆ ಮಕ್ಕಳು ಓದಲ್ಲ. ತೋರಿಸಿದ್ರೆ ದೊಡ್ಡವರು ಕೊಡಿಸಲ್ಲ." ಚಿತ್ರಪುಸ್ತಕ ಇವೆರಡಕ್ಕಿಂತಲೂ ಕಷ್ಟ. ಚಿತ್ರ ಹೇಳಿದ್ದನ್ನು ಮಾತು ಹೇಳಬಾರದು. ಹಾಗಾಗಿ ಬರೆದದ್ದನ್ನೆಲ್ಲ ಅಳಿಸುತ್ತಾ ಹೋಗುವುದೇ ಅಲ್ಲಿ ಬರವಣಿಗೆ.

ಪಿನ್ನಮ್ಮನ ಈಗಿನ ಸಂಕಟವೂ ಒಂದು ಚಿತ್ರಪುಸ್ತಕದ್ದೇ. ಮಲಗುವ ಹೊತ್ತಿಗೆ ಓದಿ ಹೇಳುವಂಥದ್ದು. ನೀರಾನೆಯೊಂದು ಪುಟ್ಟ ಮನೆಗೆ ಮಲಗಲು ಬರುತ್ತದೆ. ಮಂಚ ಸಾಲುವುದಿಲ್ಲ, ಹೊದಿಕೆ ಸಾಲುವುದಿಲ್ಲ. ಕೊನೆಗೆ ಮನೆಮಂದಿಯೆಲ್ಲ ಅದರ ಹೊಟ್ಟೆಗೇ ಒರಗಿ ಕಣ್ಣು ಮುಚ್ಚುತ್ತಾರೆ. ಕೊನೆಯ ಪುಟಕ್ಕೆ ಒಂದೇ ಸಾಲು: "ಮನೆ ಚಿಕ್ಕದು, ನಿದ್ದೆ ದೊಡ್ಡದು." ಈ ನಾಲ್ಕು ಪದಕ್ಕೆ ಎಂಟು ತಿಂಗಳು ಹಿಡಿದಿತ್ತು. ಮತ್ತೆ ತಿದ್ದಬೇಕಾದೀತೆಂದು ಆ ಸಾಲನ್ನು ಪೆನ್ಸಿಲ್ಲಿನಲ್ಲಿ ಬರೆದಿದ್ದರು. ಪಕ್ಕದಲ್ಲಿ ಚಿತ್ರಕಾರನಿಗೆ ಒಂದು ಸೂಚನೆ, ಅದು ಪೆನ್ನಿನಲ್ಲಿ. ಅಕ್ಷರ ಜೋಡಿಸುವವನು ಪೆನ್ಸಿಲ್ಲಿನದು ಸೂಚನೆ, ಪೆನ್ನಿನದು ಕಥೆ ಎಂದುಕೊಂಡ. ಶಾಲೆ ತೆರೆಯುವ ಕಾಲ, ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಿನ್ನಮ್ಮ ಕೊನೆಯ ಕರಡು ನೋಡಲಿಲ್ಲ.

ಪುಸ್ತಕ ಬಂತು. ಕೊನೆಯ ಪುಟದಲ್ಲಿ, ಚಂದ್ರನ ಕೆಳಗೆ, ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: "ತಮ್ಮಾ, ಹೊಟ್ಟೆ ಇನ್ನೂ ಸ್ವಲ್ಪ ದಪ್ಪ ಇರಲಿ. ಜಾಗ ಸಾಲದಿದ್ದರೆ ಫೋನ್ ಮಾಡು."

ಮಕ್ಕಳು ಬಿದ್ದು ಬಿದ್ದು ನಕ್ಕರು. ಅಚ್ಚಾದ ಪ್ರತಿಗಳೆಲ್ಲ ಖರ್ಚಾದವು. ಇಪ್ಪತ್ತು ವರ್ಷ ಯಾರೂ ಕರೆಯದವರನ್ನು ಶಾಲೆಯೊಂದು ವೇದಿಕೆಗೆ ಕರೆಯಿತು. "ಫೋನ್ ಮಾಡು ಬರೆದವರು ಇವರೇ!" ಎಂದು ಮುಖ್ಯೋಪಾಧ್ಯಾಯರು ಪರಿಚಯಿಸಿದರು. ಚಪ್ಪಾಳೆಯೋ ಚಪ್ಪಾಳೆ. ಪಿನ್ನಮ್ಮ ಪೆಚ್ಚುಮೋರೆಯಲ್ಲಿ ಕೈಮುಗಿದರು. "ನನ್ನ ಮದುವೇಲಿ ಬೇರೆಯವಳನ್ನ ಕೂರಿಸಿ ನನ್ನ ಕೈಲಿ ಬಡಿಸೋಕೆ ಹೇಳಿದ ಹಾಗಾಯ್ತು," ಎನ್ನುತ್ತಾರೆ.

ಈಗ ಎರಡನೇ ಮುದ್ರಣ. ಯಾವ ಸಾಲು ಹಾಕಬೇಕೆಂದು ಇವತ್ತು ಸಂಜೆಯೊಳಗೆ ಹೇಳಬೇಕು. ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೇ ಪ್ರಕಾಶಕಿಯ ಕರೆ ಬರುತ್ತದೆ.

"ಅಕ್ಕಾ, ಹಳೇದೇ ಇರಲಿ. ಪುಸ್ತಕ ಓಡ್ತಿರೋದೇ ಅದರಿಂದ."

"ಅದು ನನ್ನ ಸಾಲಲ್ಲ."

"ನೀವೇ ತಾನೇ ಬರೆದದ್ದು?"

"ಬರೆದದ್ದು ನಾನೇ. ನಿಮ್ಮ ಚಿತ್ರಕಾರನಿಗೆ!"

ಅತ್ತೆಯ ತೀರ್ಪು ಬೆಳಿಗ್ಗೆಯೇ ಬಂದಿತ್ತು: "ಬಾಯಿಗೆ ಬಂದ ತುತ್ತನ್ನ ಉಗುಳ್ತೀಯಲ್ಲೇ." ಮಾಲೀಕರದೂ ಅದೇ ಮಾತು. ಪಿನ್ನಮ್ಮನಿಗೂ ಅಳುಕಿದೆ. ಜನ ತಮ್ಮನ್ನು ಗುರುತಿಸಿದ್ದು ಒಂದೇ ಒಂದು ಸಾಲಿಗೆ. ಅದನ್ನೇ ಕಿತ್ತುಹಾಕಿದರೆ ಮತ್ತೆ ಬೆಲೆಯ ಪಕ್ಕಕ್ಕೆ. ಸ್ಟೂಲೇ ತೀರ್ಮಾನಿಸಲಿ ಎಂದು ಪುಸ್ತಕ ಕೇಳಿರದ ಒಂದು ಮಗುವಿಗಾಗಿ ಕಾಯುತ್ತಾರೆ.

ಮಧ್ಯಾಹ್ನ ತಾಯಿಯೊಬ್ಬರು ನಾಲ್ಕು ವರ್ಷದ ಮಗನನ್ನು ದರದರ ಎಳೆದುಕೊಂಡು ಬರುತ್ತಾರೆ. ಆಕೆಯ ಕಣ್ಣ ಕೆಳಗೆ ಕಪ್ಪು. "ಇವನು ಮಲಗೋದೇ ಇಲ್ಲ ಮೇಡಂ. ರಾತ್ರಿ ನಾನು ತೂಕಡಿಸ್ತೀನಿ, ಇವನು ನನ್ನ ತಟ್ಟಿ ಮಲಗಿಸ್ತಾನೆ."

"ನೀರಾನೆ ಪುಸ್ತಕ ಓದಿ ಹೇಳಿದ್ದೀರಾ?"

"ಅಯ್ಯೋ, ಅದೊಂದು ಬೇಡ! ನಮ್ಮಕ್ಕನ ಮನೇಲಿದೆ. ಮಗಳು ಇನ್ನೇನು ಕಣ್ಣು ಮುಚ್ಚಿದ್ಲು ಅನ್ನೋಷ್ಟರಲ್ಲಿ ಕೊನೇ ಪುಟ ಬರುತ್ತೆ. ಎದ್ದು ಮಂಚದ ಮೇಲೆ ಫೋನ್ ಮಾಡು, ಫೋನ್ ಮಾಡು ಅಂತ ಕುಣೀತಾಳೆ. ನಮ್ಮಕ್ಕ ಪುಸ್ತಕಾನ ಬೀರು ಮೇಲೆ ಬಚ್ಚಿಟ್ಟಿದ್ದಾಳೆ. ಬರೆದವರಿಗೆ ಮಕ್ಕಳಿಲ್ಲ ಅಂತ ಕಾಣುತ್ತೆ."

ಪಿನ್ನಮ್ಮ ತುಟಿಯಲ್ಲಿ ಕಚ್ಚಿಕೊಂಡಿದ್ದ ಪಿನ್ನುಗಳನ್ನು ನಿಧಾನವಾಗಿ ತೆಗೆಯುತ್ತಾರೆ. ಬರೆದವರು ಯಾರೆಂದು ಹೇಳುವುದಿಲ್ಲ. ಹುಡುಗನನ್ನು ಸ್ಟೂಲಿಗೆ ಹತ್ತಿಸಿ ಚಡ್ಡಿಯ ಅಂಚು ಮಡಚುತ್ತಾ ಶುರು ಮಾಡುತ್ತಾರೆ. ನೀರಾನೆ ಬಾಗಿಲು ತಟ್ಟುತ್ತದೆ. ಮಂಚ ಮುರಿಯುತ್ತದೆ. ಹುಡುಗನ ಕಾಲು ಅಲ್ಲಾಡುವುದಿಲ್ಲ. ಹೊದಿಕೆ ಮೂಗಿಗಷ್ಟೇ ಸಾಕಾಗುತ್ತದೆ. ಕಾಲು ಅಲ್ಲಾಡುವುದಿಲ್ಲ. ಮನೆಮಂದಿ ಹೊಟ್ಟೆಗೆ ಒರಗುವ ಹೊತ್ತಿಗೆ ಹುಡುಗನ ಮೊಣಕಾಲು ಮೆತ್ತಗಾಗಿ, ಅವನು ತಾಯಿಯ ಹೆಗಲಿಗೆ ಜೋತುಬೀಳುತ್ತಾನೆ. ಪಿನ್ನಮ್ಮ ಗಾಬರಿಯಿಂದ ಪಿನ್ನುಗಳನ್ನೆಲ್ಲ ಕೀಳುತ್ತಾರೆ.

"ಇನ್ನೊಂದು ಕಾಲು ಬಾಕಿ ಇದೆಯಲ್ಲಮ್ಮ!" ಮಾಲೀಕರು ಗಲ್ಲಾದಿಂದ.

ಎಂಟು ತಿಂಗಳ ಸಾಲೂ ಬಾಕಿಯೇ. ಕೇಳಬೇಕಾದವನು ಗೊರಕೆ ಹೊಡೆಯುತ್ತಿದ್ದಾನೆ. ಪಿನ್ನಮ್ಮ ಟೇಪು ಸುತ್ತಿಡಲು ಏಳುತ್ತಾರೆ.

"ನಿಲ್ಲಿಸಬೇಡಿ," ತಾಯಿ ಪಿಸುಗುಟ್ಟುತ್ತಾರೆ. "ಕೊನೆಗೇನಾಯ್ತು?"

"ಮನೆ ಚಿಕ್ಕದು, ನಿದ್ದೆ ದೊಡ್ಡದು."

ತಾಯಿ ಚೆನ್ನಾಗಿದೆ ಎನ್ನುವುದಿಲ್ಲ. "ಹೂಂ," ಎಂದು ಉಸಿರುಬಿಟ್ಟು, ಮಗನನ್ನು ಇಳಿಸದೆಯೇ ಬೆಂಚಿನ ಮೇಲೆ ಕೂತು ಬಟ್ಟೆಯ ರಾಶಿಗೆ ತಲೆಯಾನಿಸುತ್ತಾರೆ. ಎರಡು ನಿಮಿಷದಲ್ಲಿ ಆಕೆಯ ಬಾಯಿಯೂ ತೆರೆದುಕೊಳ್ಳುತ್ತದೆ. ಬೈಯಲೆಂದೇ ಎದ್ದುಬಂದ ಮಾಲೀಕರು ಅದನ್ನು ನೋಡಿ, ಹೊಸದಾಗಿ ಬಂದ ಗಿರಾಕಿಗೆ ಬಾಯ ಮೇಲೆ ಬೆರಳಿಟ್ಟು ತೋರಿಸಿ, ಸಾಕ್ಸಿನ ಬೆಲೆಯನ್ನು ಸನ್ನೆಯಲ್ಲೇ ಹೇಳತೊಡಗುತ್ತಾರೆ.

ಪಿನ್ನಮ್ಮ ಹಿತ್ತಿಲ ಬಾಗಿಲಲ್ಲಿ ನಿಂತು ಪ್ರಕಾಶಕಿಗೆ ಕರೆ ಮಾಡುತ್ತಾರೆ.

"ನನ್ನ ಸಾಲೇ ಹಾಕಿ."

"ಪುಸ್ತಕ ಓಡದಿದ್ರೆ?"

"ಓಡಬಾರದು, ಮಲಗಬೇಕು. ಆಮೇಲೆ, ಆ ದಪ್ಪ ಅಕ್ಷರ ಬೇಡ. ಸಣ್ಣದಾಗಿರಲಿ."

"ಮಕ್ಕಳಿಗೆ ಸಣ್ಣಕ್ಷರ ಯಾರಾದ್ರೂ ಹಾಕ್ತಾರಾ ಅಕ್ಕಾ?"

"ಆ ಪುಟಕ್ಕೆ ಬರೋಷ್ಟರಲ್ಲಿ ಎದ್ದಿರೋದು ದೊಡ್ಡವರೊಬ್ಬರೇ. ಮನಸ್ಸಲ್ಲೇ ಓದಿಕೊಂಡು ದೀಪ ಆರಿಸ್ಲಿ."

ಫೋನಿಟ್ಟು ಸ್ಟೂಲಿನ ಸುತ್ತ ಬಿದ್ದ ಪಿನ್ನುಗಳನ್ನು ಒಂದೊಂದಾಗಿ ಆರಿಸುತ್ತಾರೆ. ಮುಂದೆ ಏನಾಸೆ ಎಂದು ಕೇಳಿದರೆ ತಲೆಯೆತ್ತದೆ ಹೇಳುತ್ತಾರೆ: "ಎಂಟು ತಿಂಗಳು ಒದ್ದಾಡಿ ಬರೆದ ಸಾಲು. ಅದನ್ನ ಒಂದು ಮಗುವೂ ಕೇಳಿಸಿಕೊಳ್ಳದೇ ಇರಲಿ, ಅಷ್ಟಾದ್ರೆ ಸಾಕು."